ಅಜ್ಜಿಯ ಎಂಜಲು

ಗಂಡ ಕುಡಿದ ಲೋಟವನ್ನು ತೊಳೆಯದೆ ಬಾಯಿಗಿಡದ ಹೆಂಗಸು ಅವಳು. ತಂಗಿಯ ಮಗು ಕಚ್ಚಿ ಕೊಟ್ಟ ಬಿಸ್ಕತ್ತನ್ನೂ "ಆಮೇಲೆ ತಿಂತೀನಿ ಪುಟ್ಟಾ" ಎಂದು ಜಾರಿಸಿಬಿಡುತ್ತಿದ್ದಳು. ಮನೆಯವರು ಇಟ್ಟ ಹೆಸರು ಶುಚಿಯಮ್ಮ. ಅಂಥವಳಿಗೆ ಸಿಕ್ಕ ಕೆಲಸವಾದರೂ ಎಂಥದ್ದು? ಕಾಡುಕೋತಿಗಳ ಎಂಜಲು ಕೂಡಿಡುವುದು! ನಾದಿನಿಯಂತೂ ಬಿದ್ದು ಬಿದ್ದು ನಕ್ಕಿದ್ದಳು.

ಹತ್ತಿಯ ಹಗ್ಗದ ತುಂಡನ್ನು ಹಣ್ಣಿನ ರಸದಲ್ಲಿ ಅದ್ದಿ ಮರದಡಿ ಇಡಬೇಕು. ಕೋತಿ ಅದನ್ನು ಜಗಿದು, ರಸ ಹೀರಿ ಬಿಸಾಡುತ್ತದೆ. ಜೊಲ್ಲು ಅಂಟಿದ ಆ ಹಗ್ಗವನ್ನು ಇಕ್ಕಳದಿಂದ ಎತ್ತಿ ಸೀಸೆಗೆ ಹಾಕಿದರೆ, ಪ್ರಯೋಗಾಲಯದವರು ಡಿಎನ್‌ಎ ತೆಗೆದು ಯಾರು ಯಾರ ಮರಿ ಎಂದು ಹೇಳುತ್ತಾರೆ. ಕೋತಿಯ ಮೈ ಮುಟ್ಟಬೇಕಿಲ್ಲ, ಸೂಜಿ ಚುಚ್ಚಬೇಕಿಲ್ಲ.

ಗುಂಪಿನಲ್ಲಿ ಎಲ್ಲರದೂ ಸಿಕ್ಕಿತು, ಒಂದು ಮುದಿ ಹೆಣ್ಣಿನದು ಬಿಟ್ಟು. ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಿದ್ದರು. ಅದು ಕೈ ಚಾಚುವ ಮೊದಲೇ ಪುಂಡುಮರಿಗಳು ಹಗ್ಗ ಕಿತ್ತು ಬಾಯಿಂದ ಬಾಯಿಗೆ ದಾಟಿಸುತ್ತಿದ್ದವು. ಹಾಗೆ ಬೆರಕೆಯಾದ ಎಂಜಲು ಕೆಲಸಕ್ಕೆ ಬಾರದು. ಅಜ್ಜಿಯದು ಸಿಗದೆ ವಂಶಾವಳಿ ಪೂರ್ತಿಯಾಗದು. ಕೊನೆಗೆ ಪಶುವೈದ್ಯರು ಅರಿವಳಿಕೆಯ ಬಂದೂಕು ತಂದರು.

"ನಾಳೆ ಹೊಡೆದು ರಕ್ತ ತಗೊಂಡ್ಬಿಡ್ತೀನಿ."

"ಅಜ್ಜಿಗೆ ವಯಸ್ಸಾಗಿದೆ ಡಾಕ್ಟ್ರೇ. ಮತ್ತೆ ಎಚ್ಚರ ಆಗ್ದಿದ್ರೆ?"

ಡಾಕ್ಟರು ತಲೆ ಕೆರೆದುಕೊಂಡರು. "ಆಗ್ದೇನೂ ಇರ್ಬಹುದು. ಬೇರೆ ದಾರಿ ಇದ್ರೆ ಹೇಳಮ್ಮ."

ಬೆಳಿಗ್ಗೆ ಅವಳು ಪುಂಡರಿಗೆಲ್ಲ ದೂರದಲ್ಲಿ ಹಗ್ಗ ಎಸೆದು ಬಂದಳು. ಅಜ್ಜಿಯ ಮುಂದಿನ ಬಂಡೆಯ ಮೇಲೆ ಇಕ್ಕಳದಿಂದ ಒಂದು ತುಂಡನ್ನಿಟ್ಟು ಆಚೆ ಸರಿದು ಕೂತಳು. ಅಜ್ಜಿ ಮೂಸಿತು, ಇವಳನ್ನು ಗುಮಾನಿಯಿಂದ ನೋಡಿತು, ಮುಟ್ಟಲಿಲ್ಲ. ಬೆನ್ನ ಹಿಂದೆ ಡಾಕ್ಟರು ಬಂದೂಕಿಗೆ ಸೂಜಿ ತುಂಬುವ ಸದ್ದು. ಚೀಲದಿಂದ ಜಾರಿ ತರಗೆಲೆಯ ಮೇಲೆ ಬಿದ್ದಿದ್ದ ಇನ್ನೊಂದು ಹಗ್ಗವನ್ನು, ಹಿಂದುಮುಂದು ನೋಡದೆ, ಮಣ್ಣಿನ ಸಮೇತ ತನ್ನ ಬಾಯಿಗೇ ತುರುಕಿಕೊಂಡಳು. ಚಪ್ಪರಿಸಿ ಚಪ್ಪರಿಸಿ ಜಗಿದಳು.

ಅಜ್ಜಿ ಅವಳನ್ನೇ ನೋಡುತ್ತಾ ಬಂಡೆಯ ಮೇಲಿನ ಹಗ್ಗ ಎತ್ತಿಕೊಂಡಿತು. ಇಬ್ಬರೂ ಎದುರುಬದುರು ಕೂತು, ಬೀಗಿತ್ತಿಯರ ಹಾಗೆ, ಸಾವಕಾಶವಾಗಿ ಜಗಿದರು. ರಸ ಮುಗಿದದ್ದೇ ಅಜ್ಜಿ ಹಗ್ಗ ಉಗಿದು ಮರ ಹತ್ತಿತು. ಅವಳು ತನ್ನದನ್ನು ಪಕ್ಕಕ್ಕೆ ಉಗಿದು, ಅಜ್ಜಿಯದನ್ನು ಇಕ್ಕಳದಿಂದ ಎತ್ತಿ ಸೀಸೆಗೆ ಹಾಕಿದಳು.

"ಡಾಕ್ಟ್ರೇ, ಸಿಕ್ತು!"

"ಫಲಿತಾಂಶ ಬರ್ಲಿ, ಅಲ್ಲೀತನಕ ಹೊಡೆಯಲ್ಲ" ಎಂದರು ಡಾಕ್ಟರು.

ತನ್ನ ಎಂಜಲೂ ಎಲ್ಲಿ ಸೇರಿಬಿಟ್ಟಿತೋ ಎಂದು ಅವಳಿಗೆ ಜೀವದಲ್ಲಿ ಜೀವವಿರಲಿಲ್ಲ. ಫಲಿತಾಂಶ ಬಂದ ದಿನ ಪ್ರಯೋಗಾಲಯದ ಮೇಡಂ ಓಡಿ ಬಂದು ತಬ್ಬಿಕೊಂಡರು. "ಮನುಷ್ಯರದು ಒಂಚೂರೂ ಇಲ್ಲ ಕಣೇ, ಪೂರ್ತಿ ಅಜ್ಜೀದೇ! ಆ ಪುಂಡರಲ್ಲಿ ಅರ್ಧಕ್ಕರ್ಧ ಅದರ ಮೊಮ್ಮಕ್ಕಳೇ!"

"ಮತ್ತೆ ಅಜ್ಜಿ ಅಂತ ಸುಮ್ನೆ ಕರೆದ್ವಾ?" ಎಂದಳು ಇವಳು.

ಡಾಕ್ಟರು ಬಂದೂಕನ್ನು ಜೀಪಿಗೇರಿಸಿ ಹೊರಟರು. ಅವಳು ಕಾಡಿಗೆ ಹೋದಾಗ ಅಜ್ಜಿ ಒಂದು ಮರಿಯ ತಲೆಯಲ್ಲಿ ಹೇನು ಹೆಕ್ಕುತ್ತಾ ಬಿಸಿಲಿಗೆ ಕೂತಿತ್ತು. ಅವಳಿಗೆ ಎಂಥ ಖುಷಿಯಾಯಿತೆಂದರೆ, ಎರಡೂ ಕೈ ಮೇಲೆತ್ತಿ ಅಲ್ಲೇ ಕುಣಿದುಬಿಟ್ಟಳು.