ಹನ್ನೊಂದು ತುಂಡಾದ ಪಂಪ್ ಕೋವಿ

ಬಹ್ರೈನ್‌ನಲ್ಲಿ ಒಂದು ಪ್ಲಾಸ್ಟಿಕ್ ಕೋವಿಯನ್ನು ಎಲ್ಲಿ ಬಿಸಾಡಬಹುದು? ಕಳೆದ ವಾರ ಮೂರು ದಿನ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ ಪ್ರಶ್ನೆ.

ನಗಬೇಡಿ. ಮೀನಾ ಸಲ್ಮಾನ್ ಬಂದರಿನ ನಮ್ಮ ವರ್ಕ್‌ಶಾಪಿನಲ್ಲಿ ನನ್ನ ಕೈಯಲ್ಲಿ ಬೇಸ್ತು ಬೀಳದವರು ಒಬ್ಬರೂ ಇಲ್ಲ ಎಂಬುದು ನಿಮಗೆ ಗೊತ್ತೇ ಇದೆ. (ಮ್ಯಾನೇಜರ್ ಎರಡು ಸಲ ಬಿದ್ದಿದ್ದಾನೆ. ಒಂದನ್ನು ಮಾತ್ರ ಒಪ್ಪಿಕೊಳ್ಳುತ್ತಾನೆ.) ಅರವತ್ತು ದಾಟಿತು. ಬುದ್ಧಿ ಬಂತಾ? ಇಲ್ಲ.

ಈ ಸಲ ಸಿಕ್ಕಿದ್ದು ಊರಿನಲ್ಲಿರುವ ತಮ್ಮ ಶೇಖರ. ವಿಟ್ಲದ ಹತ್ತಿರ ಅವನ ಮರಗೆಣಸು, ಬಾಳೆ. ಅದರ ಅರ್ಧಪಾಲು ಕಾಡುಹಂದಿಗಳದ್ದು. ಬೆಳೆ ಕಾಯಲು ಅಪ್ಪನ ಕಾಲದ ಒಂಟಿನಳಿಗೆ ಕೋವಿ ಇದೆ, ಲೈಸೆನ್ಸೂ ಇದೆ. ಒಂದು ಸಲಕ್ಕೆ ಒಂದೇ ತೋಟೆ, ಒಂದೇ ಗುಂಡು. ಅವನ ಕನಸೋ, ಪಂಪ್ ಕೋವಿ! ಅಡಿಯಲ್ಲಿ ತೋಟೆ ತುಂಬಿದ ಮ್ಯಾಗಜಿನ್ ಸಿಕ್ಕಿಸಬೇಕು, ಹಿಡಿಯನ್ನು ಹಿಂದೆ ಮುಂದೆ ಎಳೆದರೆ ಚರಕ್, ಮುಂದಿನ ತೋಟೆ ರೆಡಿ.

ಅದಕ್ಕೆ ಎರಡು ವರ್ಷದಿಂದ ಅರ್ಜಿ ಹಿಡಿದು ಅಲೆಯುತ್ತಿದ್ದಾನೆ. ಪೊಲೀಸ್ ರಿಪೋರ್ಟ್, ತಹಶೀಲ್ದಾರ್ ರಿಪೋರ್ಟ್, ನೆರೆಮನೆಯವರ ಹೇಳಿಕೆ. ಮ್ಯಾಗಜಿನ್ ಯಾಕೆ ಬೇಕು ಎಂದು ಆಫೀಸಿನಲ್ಲಿ ಕೇಳಿದರಂತೆ. ಇವನು, "ನಾನು ಇನ್ನೊಂದು ತೋಟೆ ತುಂಬುವವರೆಗೆ ಹಂದಿ ಕಾಯ್ತದಾ ಸಾರ್?" ಎಂದನಂತೆ. ಫೈಲು ಅಲ್ಲಿಯೇ ಮಲಗಿತು.

ಹೀಗಿರುವಾಗ ಮನಾಮಾದ ಅಂಗಡಿಯೊಂದರಲ್ಲಿ ನನಗೆ ಅದೇ ಕೋವಿ ಕಂಡಿತು. ಆಟಿಕೆ. ಆದರೆ ನಿಜವಾದದ್ದರಷ್ಟೇ ಉದ್ದ, ಮ್ಯಾಗಜಿನ್ ಸಮೇತ, ಚರಕ್ ಸಮೇತ. ಬಿಡುತ್ತೇನಾ? ಅವಾಲಿಯ ಕಡೆ ಮರಳಿನಲ್ಲಿ ಎದೆ ಉಬ್ಬಿಸಿ ನಿಂತು ಫೋಟೋ ತೆಗೆಸಿಕೊಂಡೆ. ಶೇಖರನಿಗೂ ನಮ್ಮ ಊರಿನವರ ವಾಟ್ಸಾಪ್ ಗ್ರೂಪಿಗೂ ಕಳಿಸಿದೆ. "ತಗೊಂಡೆ. ರಜೆಗೆ ಬರುವಾಗ ಕಾರ್ಟನ್‌ನಲ್ಲಿ ಕಂಬಳಿಯ ಅಡಿಗೆ ಹಾಕಿ ತರ್ತೇನೆ. ಲೈಸೆನ್ಸ್ ಎಂತಕ್ಕೆ?"

ನಂಬದೆ ಏನು ಮಾಡಿಯಾನು? ಮೂವತ್ತು ವರ್ಷದಿಂದ ಮಿಕ್ಸಿ, ಟೀವಿ, ಹೊಲಿಗೆ ಮಿಷನ್ ಎಲ್ಲವೂ ನನ್ನ ಕಾರ್ಟನ್‌ನಿಂದಲೇ ಇಳಿದದ್ದು.

ಮರುದಿನ ಫೋನ್. "ಅಣ್ಣ, ನಾನೇ ಸ್ಟೇಷನ್ನಿಗೆ ಹೋಗಿ ಫೋಟೋ ತೋರಿಸಿದೆ."

"ಎಂತ? ಯಾಕೆ ಮಾರಾಯ?"

"ಮತ್ತೆ? ಆಮೇಲೆ ಗೊತ್ತಾದ್ರೆ ನನ್ನ ಲೈಸೆನ್ಸ್ ಹೋಗುದಿಲ್ವಾ? ಈಗ ನನ್ನ ಕೋವಿಯನ್ನೂ ತೆಗೆದಿಟ್ಟಿದ್ದಾರೆ. ವಿಚಾರಣೆ ಮುಗಿಯುವವರೆಗೆ ಕೊಡುದಿಲ್ಲಂತೆ."

ಚುನಾವಣೆ ಬಂದಾಗಲೆಲ್ಲ ಯಾರೂ ಕರೆಯುವ ಮೊದಲೇ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ರಶೀದಿ ತರುವವನು ನನ್ನ ತಮ್ಮ. ಅದನ್ನು ನಾನು ಮರೆತಿದ್ದೆ.

ಆಟಿಕೆ ಎಂದು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಅದೇ ಸಂಜೆ ಮಾಹೂಝ್‌ನ ನನ್ನ ಫ್ಲ್ಯಾಟಿಗೆ ಹಮೀದ್ ಓಡಿ ಬಂದ. ಕೆಳಗೆ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿ ಇಟ್ಟಿರುವ ಉಳ್ಳಾಲದವನು.

"ಫೋಟೋದಲ್ಲಿ ಹಿಂದೆ ಎಂತ ಉಂಟು ನೋಡಿದ್ದೀರಾ? ಆಯಿಲ್ ಪೈಪ್‌ಲೈನ್! ಕೋವಿ, ಪೈಪ್‌ಲೈನ್, ಮಧ್ಯದಲ್ಲಿ ನೀವು. ಈ ಊರಿನ ಪೊಲೀಸರಿಗೆ ಇನ್ನೆಂತ ಬೇಕು ಮಾರಾಯ್ರೆ?"

ಕೂಡಲೇ ಫೋಟೋವನ್ನು ಗ್ರೂಪಿನಿಂದ ಅಳಿಸಿದೆ. ಅಷ್ಟರಲ್ಲಿ ಎಷ್ಟು ಜನ ಫಾರ್ವರ್ಡ್ ಮಾಡಿದ್ದರೋ! ಲಿಫ್ಟಿನ ಶಬ್ದವಾದರೂ ಬಾಗಿಲು ನೋಡುತ್ತಿದ್ದೆ. ಕೋವಿಯನ್ನು ಕಸದ ಡಬ್ಬಕ್ಕೆ ಹಾಕಿದರೆ ಕಸ ತೆಗೆಯುವವನು ಕಿರುಚಿಕೊಂಡಾನು. ಸಮುದ್ರಕ್ಕೆ ಹಾಕಿದರೆ ತೇಲುತ್ತದೆ. ಮನೆಯಲ್ಲೇ ಇದ್ದರೆ ನನಗೆ ನಿದ್ದೆ ಇಲ್ಲ.

ಶುಕ್ರವಾರ ಬೆಳಿಗ್ಗೆ ಲುಂಗಿಯಲ್ಲಿ ಸುತ್ತಿ ಕಾರಿನ ಡಿಕ್ಕಿಗೆ ಹಾಕಿ ವರ್ಕ್‌ಶಾಪಿಗೆ ಹೊರಟೆ. ಜೊತೆಗೆ ಹಮೀದ್. ದಾರಿಯಲ್ಲಿ ಚೆಕಿಂಗ್. ಪೊಲೀಸಿನವನು ಗುರುತಿನ ಕಾರ್ಡ್ ನೋಡಿ, ನನ್ನ ಮುಖ ನೋಡಿ, ಹೋಗು ಎಂದು ಕೈಬೀಸಿದ. ಜನ್ಮದಲ್ಲೇ ಅಷ್ಟು ಭಕ್ತಿಯಿಂದ ನಾನು ಯಾರಿಗೂ "ಶುಕ್ರನ್" ಎಂದು ಥ್ಯಾಂಕ್ಸ್ ಹೇಳಿಲ್ಲ.

ಹ್ಯಾಕ್‌ಸಾ ತೆಗೆದು ಕೊಯ್ದೆ. ಹನ್ನೊಂದು ತುಂಡು. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಶೇಖರನ ಫೋನ್.

"ಅಣ್ಣ, ನೀನು ಆಟಿಕೆ ಅಂದದ್ದನ್ನು ಸ್ಟೇಷನ್ನಿನಲ್ಲಿ ಹೇಳಿದೆ, ಸಾಹೇಬ್ರು ಒಪ್ಪಿದ್ರು! ಆಟಿಕೆ ಆದ್ರೆ ತಂದು ತೋರಿಸ್ಲಿ, ನಿನ್ನ ಕೋವಿ ಕೊಡ್ತೇನೆ ಅಂದ್ರು. ಬೇಗ ತಾ. ಮರಗೆಣಸು ಅರ್ಧ ಹೋಯ್ತು. ನಾನು ಬರೀ ಡಬ್ಬ ಬಡಿತಾ ಇದ್ದೇನೆ."

ಹಮೀದ್ ತುಂಡುಗಳನ್ನು ನೋಡಿದ, ನನ್ನನ್ನು ನೋಡಿದ. "ಇನ್ನು ಅದನ್ನೇ ಅಂಟಿಸಿ," ಎಂದ.

ಯೋಚಿಸಿ. ಮನಾಮಾದ ಆ ಅಂಗಡಿಯವನು ನನ್ನ ಹೆಸರೂ ಕೇಳಲಿಲ್ಲ. ನೂರು ಕಾಗದ ಕೊಟ್ಟವನು, ಕೇಳುವ ಮೊದಲೇ ನಿಜ ಹೇಳಿದ ನನ್ನ ತಮ್ಮ ಈಗ ಬರಿಗೈಯಲ್ಲಿ ಹಂದಿಯ ಎದುರು ನಿಂತಿದ್ದಾನೆ. ಕಾನೂನು ಬಿಗಿಯಾದಷ್ಟೂ ಅದು ಹಿಡಿಯುವುದು ಅದನ್ನು ಪಾಲಿಸುವವನನ್ನೇ ಏನು?

ಅಂಗಡಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ; ಮೂರು ಟ್ಯೂಬ್ ಗಮ್ ಮುಗಿಯಿತು. ಚರಕ್ ಮಾತ್ರ ಬರುತ್ತಿಲ್ಲ, ಉಳಿದಂತೆ ಕೋವಿ ಮೊದಲಿಗಿಂತ ನಿಜವೆನಿಸುತ್ತದೆ. ಮುಂದಿನ ತಿಂಗಳು ಟಿಕೆಟ್.

ಬಲ್ಲವರು ಹೇಳಿ: ಏರ್‌ಪೋರ್ಟಿನ ಎಕ್ಸ್‌ರೇಗೆ ಕಾರ್ಟನ್ ಹಾಕುವ ಮೊದಲೇ "ಇದು ಆಟಿಕೆ" ಅನ್ನಬೇಕಾ, ಅಥವಾ ಅವರು ಕೇಳಿದ ಮೇಲಾ? ದೇವರಾಣೆ, ಈ ಸಲ ತಮಾಷೆಗೆ ಕೇಳುತ್ತಿಲ್ಲ.