ತೊಮೆಯತ್ತೆಯ ಹಸಿರು ನೀರು

ಮಾವ ತೀರಿಕೊಂಡ ಮೇಲೆ ಕೊರಿಯಾಮ ಊರಿನಲ್ಲಿ ಮೀನು ಸಾಕಿ ಮಾರುವ ನಮ್ಮ ಐದು ಕೊಳಗಳನ್ನೂ ಅತ್ತೆ ತೊಮೆ ಒಬ್ಬರೇ ನೋಡಿಕೊಂಡರು. ಪಾಚಿಯಿಂದ ಹಸಿರು ಚಹಾದಂತಾದ ನೀರು. ಒಳಗೆ ಚಿನ್ನದ ಮೀನುಗಳಿವೆ ಎಂದು ಯಾರಾದರೂ ಹೇಳಿದರೇ ತಿಳಿಯಬೇಕು. ಚಳಿಗಾಲವಿಡೀ ಅವು ತಳದಲ್ಲಿ ಮಲಗಿದ್ದು, ವಸಂತಕ್ಕೆ ಕೆಂಡದಂಥ ಬಣ್ಣ ಹೊತ್ತು ಮೇಲೆ ಬರುತ್ತಿದ್ದವು.

ಓಣಿಯಾಚೆಯ ಗದ್ದೆ ಮುಚ್ಚಿ ಹೊಸ ಮನೆಗಳೆದ್ದವು. ಅಲ್ಲಿನವರ ಸಂಘಕ್ಕೆ ಕುರಾಮೊಚಿ ಮುಖ್ಯಸ್ಥ, ಒಸಾಕಾದ ಕಚೇರಿಗೆ ರೈಲಿನಲ್ಲಿ ಹೋಗಿಬರುವವನು. ಒಂದು ದಿನ ಕಾಗದ ಹಿಡಿದು ಬಂದ.

“ಅಜ್ಜಿ, ನಲವತ್ತು ಮನೆಯವರ ಸಹಿ ಇದೆ. ಈ ಕೊಳಚೆ ಖಾಲಿ ಮಾಡಿ ತಿಳಿನೀರು ತುಂಬಿಸ್ಬೇಕು.”

“ಕೊಳಚೆ ಅನ್ಬೇಡಪ್ಪಾ. ನನ್ನ ಮೀನಿಗೆ ಅದೇ ಊಟ, ಅದೇ ಹೊದಿಕೆ.”

“ಸೊಳ್ಳೆ ಆಗುತ್ತಲ್ಲ?”

“ಮೀನು ತಿನ್ನದೆ ಬಿಟ್ಟಿದ್ರೆ ತಾನೇ? ಹುಡುಕು, ಒಂದು ಸೊಳ್ಳೆಮರಿ ತೋರ್ಸು ನೋಡೋಣ.”

“ನೀವೊಂದು ಸಹಿ ಹಾಕಿದ್ರೆ...”

“ಹಾಕಲ್ಲ. ನೀನು ಬರೋಕೆ ಐವತ್ತು ವರ್ಷ ಮುಂಚೆನೇ ಈ ನೀರಿತ್ತು. ನೋಡೋಕಾಗ್ದಿದ್ರೆ ನಿನ್ನ ಕಿಟಕಿ ಆ ಕಡೆ ಇಟ್ಕೋ.”

ಅವನ ಕಿವಿ ಕೆಂಪಾಯಿತು. ಸೊಸೆಯಾದ ನಾನು ಮೆಲ್ಲಗೆ ಒಳಗೆ ಸರಿದೆ.

ಕೆಲವು ವಾರ ಕಳೆದು, ಒಂದು ನಸುಕಿನಲ್ಲಿ ಅವನ ಹೆಂಡತಿ ಸಾವಾಕೊ ಹಿತ್ತಿಲ ಬಾಗಿಲು ತಟ್ಟಿದಳು. ಕೋಟಿನೊಳಗೆ ಖಾಲಿ ಬಾಟಲಿ. ಮಗಳ ಮೀನಿನ ಗಾಜಿನ ತೊಟ್ಟಿಯನ್ನು ಗಂಡ ದಿನಾ ತೊಳೆಸುತ್ತಾನಂತೆ. ಎರಡು ಮೀನು ಸತ್ತು, ಉಳಿದೊಂದು ಬಿಳಚಿಕೊಂಡಿದೆಯಂತೆ.

“ಒಂದು ಬಾಟ್ಲಿ ಕೊಡಿ ಅಮ್ಮಾ. ಅವರಿಗೆ ಗೊತ್ತಾಗ್ಬಾರ್ದು.”

“ಕದ್ದು ಒಯ್ಯೋಕೆ ಇದೇನು ಸಾರಾಯಿನಾ? ಹಗಲು ಹೊತ್ತು ಮುಂಬಾಗಿಲಿಂದ ಬಾ. ಬಕೆಟ್ ತಾ. ಮುಚ್ಚಳ ಬೇಡ.”

“ಪಾಪ, ಕೊಟ್ಬಿಡಿ ಅತ್ತೇ,” ಎಂದೆ.

“ನೀನು ಸುಮ್ನಿರು. ನನ್ನ ನೀರು ತಲೆ ತಗ್ಗಿಸ್ಕೊಂಡು ಯಾರ ಮನೆಗೂ ಹೋಗಲ್ಲ.”

ಸಾವಾಕೊ ಕಣ್ಣೊರೆಸಿಕೊಂಡು ಹೋದಳು. ಅತ್ತೆಯದು ಕಲ್ಲುಮನಸ್ಸೆಂದು ನನಗೆ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಸಂಘದವರೆಲ್ಲ ಬೀದಿ ಗುಡಿಸುತ್ತಿದ್ದರು. ಅವರ ನಡುವೆಯೇ ಸಾವಾಕೊ ನೀಲಿ ಬಕೆಟ್ ಹಿಡಿದು ಬಂದಳು. ಅತ್ತೆ ಕಂಠಮಟ್ಟ ತುಂಬಿಸಿದರು. ಮರಳುವಾಗ ಕುರಾಮೊಚಿ ಅಡ್ಡ ನಿಂತ.

“ಏನೇ ಅದು?”

“ಕೊಳದ ನೀರು. ದಾರಿ ಬಿಡಿ, ಚೆಲ್ಲುತ್ತೆ.”

ಅವಳು ನಿಲ್ಲದೆ ನಡೆದಳು. ಅವನು ಪಕ್ಕಕ್ಕೆ ಸರಿದ.

ಆ ಮೀನು ಬದುಕಿತು. ನಲವತ್ತು ಸಹಿಯ ಆ ಕಾಗದ ಮಾತ್ರ ದೂರಾಗಿ ನಗರಸಭೆಗೆ ಹೋಗಿಯೇ ಹೋಯಿತು. ರಸ್ತೆ ಬದಿಯ ಕೊಳಕ್ಕೆ ಬೇಲಿ ಹಾಕಿ ಎಂದು ಅಪ್ಪಣೆ ಬಂತು. ಅತ್ತೆ ಬೇಲಿ ಹಾಕಿಸಿದರು, ನೀರು ಬದಲಿಸಲಿಲ್ಲ. ಅವರು ತೀರಿಕೊಳ್ಳುವವರೆಗೂ ಕುರಾಮೊಚಿ ಎದುರಿಗೆ ಸಿಕ್ಕರೆ ನಮಸ್ಕರಿಸುತ್ತಿರಲಿಲ್ಲ. ಅತ್ತೆಯೂ ಅದಕ್ಕಾಗಿ ಕಾಯಲಿಲ್ಲ.