ಏಕಾದಶಿಯ ಕ್ರೇಫಿಶ್

ವಡೋದರಾದ ಯಾವ ಯಾವ ಕೆರೆಗಳಲ್ಲಿ ಕ್ರೇಫಿಶ್ ಎಂಬ ಪರದೇಶಿ ಸೀಗಡಿ ನೆಲೆಸಿದೆ ಎಂದು ಹುಡುಕುವುದು ಆಗ ನನ್ನ ಕೆಲಸ. ಒಂದು ಕೆರೆಯಲ್ಲಿ ಅವನ್ನು ಹಿಡಿಯಲು ನಾನಿಟ್ಟ ಬೋನು ಮೂರು ದಿನವೂ ಖಾಲಿ. ‘ಇಲ್ಲಿಲ್ಲ’ ಎಂದು ವರದಿಯನ್ನೂ ಬರೆದಿಟ್ಟೆ. ನಾಲ್ಕನೆಯ ದಿನ ಬೇಗನೆ ಹೋದರೆ, ಮೆಟ್ಟಿಲ ಮೇಲೆ ಅಜ್ಜಿಯೊಬ್ಬರು ನನ್ನ ಬೋನು ಬಿಚ್ಚಿ, ಒಳಗಿದ್ದ ಕ್ರೇಫಿಶ್‌ಗಳನ್ನು ಒಂದೊಂದಾಗಿ ನೀರಿಗೆ ಬಿಡುತ್ತಿದ್ದರು.

“ಅಮ್ಮಾ, ದಿನಾ ನೀವೇ ಬಿಡೋದಾ?” ಎಂದೆ, ನನ್ನ ಹರಕು ಹಿಂದಿಯಲ್ಲಿ.

“ಮತ್ತೆ? ಏಕಾದಶಿಗೊಮ್ಮೆ ಇವನ್ನ ಅಕ್ವೇರಿಯಂ ಅಂಗಡಿಯಿಂದ ಕೊಂಡುತಂದು, ಜೀವ ಉಳೀಲಿ ಅಂತ ಇಲ್ಲಿ ಬಿಡೋರೇ ನಾವು, ನಮ್ಮ ಓಣಿಯವರೆಲ್ಲ. ನೀನು ಹಿಡಿದರೆ ಸುಮ್ಮನಿರ್ತೀವಾ, ಬೇಟಾ? ಇವತ್ತೂ ಏಕಾದಶಿ. ನಿನಗ್ಯಾಕೆ ಈ ಪಾಪ?”

ಅಂದು ನನಗೂ ಉಪವಾಸವಿತ್ತು. ವರದಿಯನ್ನು ‘ಇವೆ’ ಎಂದು ತಿದ್ದಿದೆ. ‘ಹೇಗೆ ಬಂದವು?’ ಎಂಬ ಕಾಲಂನಲ್ಲಿ ‘ಪುಣ್ಯದಿಂದ’ ಎಂದು ಬರೆಯುವ ಧೈರ್ಯ ಮಾತ್ರ ಬರಲಿಲ್ಲ.